ಕೆಂಪು ಶಾಯಿ ಓದಬ್ಯಾಡ್ರಿ

ನಾಟಕದ ಮಂದಿ ಕೂಡ ತಿರುಗಾಡಿದವರಿಗೆ ಇಂಥಾವು ಆಗಕೋತನ ಇರತಾವ. ನಾನು ನಾಟಕದವ ಅಲ್ಲ. ಮೈಕಿನವ. ಯಲಬುರ್ಗಾದಾಗ ಮೈಕ್ ಸೆಟ್ ಬಾಡಗಿ ಕೊಡೋ ಅಂಗಡಿ ನಂದು. ಓದಿದ್ದು ಮೂರನೇ ಇಯತ್ತೆ. ಛಾಪಿಸಿದ ಅಕ್ಷರ ಆದರ ಕೂಡಿಸಿ ಕೂಡಿಸಿ ಓದತೀನಿ. ನಾ ಬರದದ್ದು ನನಗ ತಿಳೀತೈತಿ. ಮತ್ತೊಬ್ಬರ ಕೈಬರಹ ತಿಳಿಯೂದಿಲ್ಲ. ಇಷ್ಟು ಬರಿಯಾಕ ಎಷ್ಟು ದಿನ ಹಿಡೀತು ಅಂತ ಕೇಳಬ್ಯಾಡ್ರಿ.

ಇದರಾಗ ನಮ್ಮಾಕಿ ಬರತಾಳ. ಆಕಿ ತೀರಿಕೊಂಡು ಎರಡು ವರ್ಷದ ಮ್ಯಾಲಾತು. ಹೆಂಗ ಹೋದಳು ಅನ್ನೋದು ಬರಿಯೂದಿಲ್ಲ. ಇದು ನಗೋ ಸುದ್ದಿ.

೧. ಎರಡೆರಡು ಸಲ

1997. ನಮ್ಮೂರ ಸಾಲಿ ಮಾಸ್ತರೊಬ್ಬರು ಒಂದು ನಗಿ ನಾಟಕ ಬರದರು. ಮದುವಿ ಮನಿ ಕಥಿ. ಹೆಣ್ಣಿನ ಅಪ್ಪ ಕುಡುಕ. ಗಂಡಿನ ಅವ್ವ ಜಗಳಗಂಟಿ. ಮದುಮಗ ದಡ್ಡ. ಅಷ್ಟ. ಅದನ್ನ ಯಾರೂ ಛಾಪಿಸಲಿಲ್ಲ. ಇದ್ದದ್ದು ಒಂದೇ ನೋಟ್‌ಬುಕ್ಕು. ಆದರ ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆ ಆ ನಾಟಕ ನೋಡದವರು ಕಡಿಮಿ. ಅದರಾಗ ಕುಡುಕ ಬೀಗರಿಗೆ ಅಂತಾನ, "ಜಗಳ ಊಟ ಆದಮ್ಯಾಲ ಮಾಡೂಣ್ರಿ ಬೀಗರ, ಹೋಳಿಗಿ ಆರತಾವ." ಇವತ್ತಿಗೂ ಕುಷ್ಟಗಿ ಬಸ್ಸಿನಾಗ ಸೀಟಿಗೆ ಜಗಳ ಹತ್ತಿದರ ಹಿಂದಿನಿಂದ ಯಾರರ ಒಬ್ಬರು "ಹೋಳಿಗಿ ಆರತಾವ" ಅಂತಾರ. ಜಗಳ ಅಲ್ಲಿಗೇ ನಿಲ್ಲತೈತಿ.

ಕುಡುಕನ ಪಾತ್ರ ಒಬ್ಬ ಕಂಪೌಂಡರಂದು. ಜೀವನದಾಗ ಒಂದು ಹನಿ ಕುಡಿದವರಲ್ಲ. ಮದುಮಗನ ಪಾತ್ರ ಒಬ್ಬ ಬಸ್ ಕಂಡಕ್ಟರಂದು. ಅಂವ ಕುಡೀದ ಸ್ಟೇಜ್ ಹತ್ತಿದವನಲ್ಲ. ಗಂಡಿನ ಅವ್ವನ ಪಾತ್ರಕ್ಕ ಕೊಪ್ಪಳದಿಂದ ಒಬ್ಬ ಕಲಾವಿದೀನ ಕರಸತಿದ್ದರು. ಎಲ್ಲರೂ ಆಕಿಗೆ ಆಪಾ ಅಂತಿದ್ದರು.

ಈ ಮೂವರೂ ಮಾತು ಬಾಯಿಪಾಠ ಮಾಡಿದವರಲ್ಲ. ಪರದಿ ಬಾಜೂಕ ಕೂತು ಮಾಸ್ತರು ಸಣ್ಣ ದನಿಲೆ ಓದಬೇಕು. ಇವರು ಅದನ್ನ ಜೋರಾಗಿ ಅನ್ನಬೇಕು. ಏನು ಓದಿದರೂ ಅನ್ನತಿದ್ದರು. ಒಮ್ಮೆ ತಾಲೀಮಿನಾಗ ಮಾಸ್ತರು ಸೀನಿದರು. ಕಂಡಕ್ಟರೂ ಸೀನಿದ.

ಮೊದಲನೇ ಆಟದ ದಿನ ಮಾಸ್ತರ ಗಂಟಲು ಕೂತಿತು. ಒಂದಕ್ಷರ ಹೊರಡವಲ್ದು. ಮಂದಿ ಬಂದು ಕೂತೈತಿ, ಹಾರ್ಮೋನಿಯಂ ಪೇಟಿ ಬಾರಸಾಕತ್ತೈತಿ. ನಮ್ಮಾಕಿ ನನಗ ಬುತ್ತಿ ತಂದಾಕಿ ಅಲ್ಲೇ ನಿಂತಿದ್ದಳು. ಏಳನೇ ಇಯತ್ತೆ ಓದಿದಾಕಿ.

"ಕೊಡ್ರಿ ಇಲ್ಲಿ" ಅಂದಳು.

ಊರ ಹಿರಿಯಾರೊಬ್ಬರು, "ಹೆಣ್ಣುಮಗಳು ಪರದಿ ಹಿಂದ ಕೂಡೂದೇನು?" ಅಂದರು.

"ಮತ್ತ ಪರದಿ ಯಾತಕ್ಕ ಇರತೈತ್ರಿ?" ಅಂದಳು. ಕೂತಳು.

ಛಲೋ ಓದಿದಳು. ತಪ್ಪು ನಂದು. ತಬಲಾಕ್ಕ ಅಂತ ಪರದಿ ಬಾಜೂಕ ಒಂದು ಮೈಕ್ ಇಟ್ಟಿದ್ದೆ. ಆಕಿ ಕೂತದ್ದು ಅದರ ಮುಂದ. ಮೊದಲು ಹಾರ್ನ್ ಸ್ಪೀಕರಿನಾಗ ಆಕಿ ಮಾತು, ಹಿಂದಿಂದ ನಟರ ಮಾತು. ಪ್ರತಿ ಮಾತು ಎರಡು ಸಲ.  ಮೈಕ್ ಬಂದ್ ಮಾಡಾಕ ಹೋದೆ. ಮಾಸ್ತರು ಕೈ ಹಿಡಿದರು. ಮಂದಿ ಎರಡೂ ಸಲ ನಗಾಕತ್ತಿದ್ದರು.

ಮರುವಾರ ಬ್ಯಾರೆ ಊರಿನವರು ಅಂಗಡಿಗೆ ಬಂದರು. "ಎರಡೆರಡು ಸಲ ಮಾತಾಡೋ ನಾಟಕ ನಿಮ್ಮದ ಏನ್ರಿ? ನಮಗೂ ಹಂಗ ಬೇಕ್ರಿ. ಒಂದ ಸಲ ಅಂದರ ನಮ್ಮೂರ ಮಂದಿಗೆ ತಿಳಿಯಂಗಿಲ್ಲ."

೨. ಸಾಮಾನು ಎಲ್ಲಾ ಬಂತು

ಅವತ್ತಿನಿಂದ ಆ ನಾಟಕಕ್ಕ ಓದೋದು ಆಕಿನ. ಇಪ್ಪತ್ತು ವರ್ಷ ಓದಿದಳು. ಮಾಸ್ತರು ಹೋದಮ್ಯಾಲ ನೋಟ್‌ಬುಕ್ಕು ಇಲಿ ಹೊಡೀತು. ಆಕಿ ಕುಂತು ಹೊಸಾದಕ್ಕ ಇಳಿಸಿದಳು. ನಟರ ಮಾತು ನೀಲಿ ಶಾಯಿ. ಬಾಜೂಕ, ಸಂದಿಯೊಳಗ, ತನಗ ಬೇಕಾದದ್ದು ಕೆಂಪು ಶಾಯಿ.

ಒಮ್ಮೆ ಕಿನ್ನಾಳದಾಗ ಆಟ ಆತು. ಮುಗಿದಮ್ಯಾಲ ಸಾಮಾನು ಟೆಂಪೋಕ್ಕ ಏರಿಸಿದೆ. ನಂದೊಂದು ಪದ್ಧತಿ. ಬಾಯಿಲೆ ಹೇಳಕೋತ ಏರಸತೀನಿ. ಹಾರ್ನ್ ನಾಕು. ಆಂಪ್ಲಿಫೈಯರ್. ಬ್ಯಾಟರಿ ಎರಡು. ಮೈಕ್ ಮೂರು. ವೈರಿನ ಸಿಂಬಿ. ಎಲ್ಲಾ ಬಂತು. ಡ್ರೈವರ್‌ಗೆ "ನಡಿ" ಅಂದೆ.

ಯಲಬುರ್ಗಾಕ್ಕ ಬಂದು ಇಳಿಸಿದೆ. ಮತ್ತ ಎಣಿಸಿದೆ. ಒಂದೂ ಕಡಿಮಿ ಇಲ್ಲ. ಮನಿ ಬಾಗಲಕ್ಕ ಬಂದೆ. ಕೀಲಿ ಹಾಕಿತ್ತು. ಕೀಲಿಕೈ ಆಕಿ ಸೆರಗಿನಾಗ ಇರತಿತ್ತು. ಆವಾಗ ಗೊತ್ತಾತು.

ಆಕಿ ಮೊದಲನೇ ಬಸ್ಸಿಗೆ ಬಂದಳು.  ಕೀಲಿ ತಗದಳು. ಚಾ ಕಾಸಿದಳು. ಕಪ್ಪು ಕೈಯಾಗ ಕೊಟ್ಟು, "ಹಾರ್ನ್ ನಾಕೂ ಬಂದಾವ?" ಅಂತ ಕೇಳಿದಳು.

"ಬಂದಾವ" ಅಂದೆ.

"ಛಲೋ ಆತು" ಅಂದಳು. ಕುಂತು ನೋಟ್‌ಬುಕ್ಕಿನಾಗ ಕೆಂಪು ಪೆನ್ನಿಲೆ ಏನೋ ಬರದಳು.

"ಏನು ಬರದಿ?"

"ನಾಟಕದ್ದು."

ಮುಂದ ಭಾಳ ವರ್ಷಕ್ಕ, ಆಕಿ ಹಾಸಿಗಿ ಹಿಡಿದಾಗ ಮತ್ತ ಕೇಳಿದೆ. "ಆ ಕೆಂಪಿನಾಗ ನನ್ನ ಸುದ್ದಿ ಐತೇನು?"

"ಐತಿ. ಕಡೀ ಹಾಳಿ ಮ್ಯಾಲ."

"ಏನಂತ?"

"ಇನ್ನ ನಾಕನೇ ಇಯತ್ತೆ ಒಂದು ಓದ್ರಿ. ತಿಳೀತೈತಿ."

೩. ಆಣಿ

ನೋಟ್‌ಬುಕ್ಕು ಟ್ರಂಕಿನಾಗ ಇಟ್ಟೆ. ಯಾರ ಕಡಿಂದನೂ ಓದಸಲಿಲ್ಲ. ಓದಸಬಹುದಿತ್ತು. ಬಾಜೂ ಮನ್ಯಾಗ ಟೀಚರ್ ಅದಾರ. ಆದರ ಅಂಜಿಕಿ. ನಾ ಬಿರಸು ಮನುಷ್ಯ. ಇಪ್ಪತ್ತು ವರ್ಷ ಓದಿದಳು. ಛಲೋ ಓದಿದಿ ಅಂತ ಒಮ್ಮೆನೂ ಅಂದವನಲ್ಲ. ಆಕಿ ಬಂದು "ಹೆಂಗಾತ್ರಿ ಇವತ್ತು?" ಅಂದರ "ಬ್ಯಾಟರಿ ಇಳದಿತ್ತು" ಅಂತಿದ್ದೆ. ಕಡೀ ಹಾಳಿ ಮ್ಯಾಲ ಏನಿದ್ದೀತು ಅಂತ ನನಗ ಗೊತ್ತಿತ್ತು. ಓದದಿದ್ದರ ಇನ್ನೂ ಅಂದಿಲ್ಲ ಅಂದಂಗ. ಹಂಗ ಇರಲಿ ಅಂತ ಬಿಟ್ಟಿದ್ದೆ.

ಒಂದು ದಿನ ಕಂಪೌಂಡರೂ ಕಂಡಕ್ಟರೂ ಮನಿಗೆ ಬಂದರು. ಇಬ್ಬರೂ ರಿಟೈರ್ಡ್. ಆಪಾ ಬಚ್ಚಲದಾಗ ಜಾರಿ ಬಿದ್ದಾಳ, ಚಪ್ಪಿ ಎಲುಬು, ಸೊಂಟದ್ದು, ಮುರದೈತಿ ಅಂದರು. ಈ ತಿಂಗಳದಾಗ ಆಪರೇಷನ್ ಆಗಬೇಕು. ಇಲ್ಲಂದರ ಆಕಿ ಎದ್ದು ಓಡಾಡೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ. ರೊಕ್ಕ ಕೊಡಾಕ ಹಿಂದ ಮುಂದ ಯಾರೂ ಇಲ್ಲ ಆಕಿಗೆ.

"ಅದಕ್ಕ ನಾಟಕ ಹಚ್ಚೋಣು" ಅಂದರು ಕಂಪೌಂಡರು. "ನಿಂತು ಆಡೂದು ನಮ್ಮಿಂದ ಆಗೂದಿಲ್ಲ. ಕುರ್ಚಿ ಮ್ಯಾಲ ಕುಂತು ಕೈಯಾಗ ಹಿಡಕೊಂಡು ಓದತೀವಿ. ಮಂದಿಗೆ ಆ ಮಾತು ಕೇಳಿದರ ಸಾಕು. ನೋಟ್‌ಬುಕ್ ಕೊಡು."

"ಕೊಡೂದಿಲ್ಲ" ಅಂದೆ.

 ಕಂಡಕ್ಟರ್ ಅಂದ, "ನಿನ್ನ ಹೆಂಡತಿ ಇದ್ದಿದ್ದರ ಇಷ್ಟೊತ್ತಿಗೆ ಕೊಟ್ಟು ಚಾ ಕಾಸತಿದ್ದಳು."

ಖರೆ ಐತಿ. ಟ್ರಂಕ್ ತಗದೆ. "ಕೆಂಪು ಶಾಯಿ ಓದಬ್ಯಾಡ್ರಿ. ನೀಲಿ ಅಷ್ಟ. ಆಣಿ ಮಾಡ್ರಿ."

ಇಬ್ಬರೂ ನೋಟ್‌ಬುಕ್ಕಿನ ಮ್ಯಾಲ ಕೈಯಿಟ್ಟು ಆಣಿ ಮಾಡಿದರು. ಕಂಡಕ್ಟರ್ ಎರಡು ಸಲ ಮಾಡಿದ.

ಓದೋರು ಮೂವರು, ನೋಟ್‌ಬುಕ್ ಒಂದು. ಕಂಡಕ್ಟರ್ ಕುಷ್ಟಗಿಗೆ ಒಯ್ದು ಮೂರು ಝೆರಾಕ್ಸ್ ಮಾಡಿಸಿದ. ಓದೂದು ನಾಳೆ ಅನ್ನೂವಾಗ ತಂದು ತೋರಿಸಿದ. "ಹೆಂಗ ಬಂದಾವ ನೋಡು. ಸ್ವಚ್ಛ."

ನೋಡಿದೆ. ಅಕ್ಷರ ಎಲ್ಲಾ ಒಂದ ಬಣ್ಣ. ಕರಿ. ಯಾವುದು ನೀಲಿ, ಯಾವುದು ಕೆಂಪು ತಿಳಿಯಂಗಿಲ್ಲ.

"ಕೆಂಪು ಎಲ್ಲೈತೋ?"

ಕಂಡಕ್ಟರ್ ಹಾಳಿ ತಿರುವಿ ತಿರುವಿ ನೋಡಿದ. ಅವನ ಮಾರಿ ಅರಳಿತು. "ಇಲ್ಲ! ಒಂದಕ್ಷರ ಕೆಂಪಿಲ್ಲ! ಹಾಂ, ಇನ್ನ ನೀ ಆರಾಮ ಇರು. ನಮ್ಮ ಆಣಿ ತಪ್ಪೂ ಮಾತ ಇಲ್ಲ."

೪. ಮತ್ತೊಬ್ಬರ ಪಾಲಿನ ಗ್ಲಾಸು

ಜಾಗಾ ಕೊಟ್ಟವರು ಗಂಗಾವತಿ ಕಡೆಯ ಒಂದು ಕ್ಯಾಂಪಿನ ರೈಸ್ ಮಿಲ್ಲಿನ ಮಾಲಕರು. ಆಂಧ್ರದಿಂದ ಬಂದು ನೆಲಿನಿಂತವರು, ಮನಿ ಮಾತು ತೆಲುಗು. ಭತ್ತ ಒಣಗಿಸೋ ಸಿಮೆಂಟ್ ಕಟ್ಟಿ ಮ್ಯಾಲ ಎಲ್ಲರಿಗೂ ಕುರ್ಚಿ ಹಾಕಿಸಿದರು. ಇಳಿಹೊತ್ತು ನಾಕಕ್ಕ ಸುರು. ಮುದುಕರು ಸಂಜಿ ದಾಟಿ ಕೂಡೂದಿಲ್ಲ ಅಂತ.

ಮಾಲಕರದು ಒಂದ ಕರಾರು. "ನಾನು ಹುಡುಗ ಇದ್ದಾಗ ಈ ನಾಟಕ ನೋಡಿದೆ. ಅವತ್ತು ಕುಡಿದು ಆಡಿದ್ರಿ. ಇವತ್ತೂ ಕುಡಿದೇ ಓದಬೇಕು, ಅಂತೇ, ಅಷ್ಟೇ."

ಬಾಟ್ಲಿ ಅವರದ. ಪದ್ಧತಿ ಹಿಂಗ. ಆಪಾ ನಡುವ, ಹೊತ್ತು ತಂದ ಆರಾಮ ಕುರ್ಚಿ ಮ್ಯಾಲ, ಬಾಜೂಕ ಒಂದು ಸ್ಟೀಲ್ ಕೊಡ ಇಟಗೊಂಡು ಕೂಡೂದು. ಯಾರಿಗೆ ನಗಿ ಬಂತು, ಅವರು ಎದ್ದು ಬಂದು ಕೊಡಕ್ಕ ರೊಕ್ಕ ಹಾಕಬೇಕು. ಹಾಕಿ, ತಮಗ ಬೇಕಾದ ನಟನಿಗೆ ಒಂದು ಗ್ಲಾಸು ಕಳಸಬೇಕು. ನಟ ಅದನ್ನ ಕುಡದು ಮುಂದಿನ ಮಾತು ಓದಬೇಕು. ಆಪಾಗ ಮಾತ್ರ ನಿಂಬಿ ಶರಬತ್ತು.

ಎಲ್ಲರೂ ಕಳಸಿದ್ದು ಕಂಪೌಂಡರಿಗೆ. ಕುಡುಕನ ಪಾತ್ರ ನೋಡ್ರಿ. ಅವರ ಮುಂದ ಗ್ಲಾಸು ಸಾಲಾಗಿ ನಿಂತವು. ಅವರು ಮುಟ್ಟವಲ್ಲರು. ಎಪ್ಪತ್ತು ವರ್ಷದ ಆಚಾರ. ಮಂದಿ "ಕುಡೀರಿ, ಕುಡೀರಿ" ಅಂತ ಚಪ್ಪಾಳಿ ಹಾಕಾಕತ್ತಿತು.  ಆಪಾ ಕೊಡದ ಮ್ಯಾಲ ಕೈಯಿಟ್ಟು ಕೆಳಗ ನೋಡತಿದ್ದಳು. ಬ್ಯಾಡ ಅಂದರ ಮಂದಿ ಎದ್ದು ಹೋಗತೈತಿ. ಹೂಂ ಅಂದರ ಕಂಪೌಂಡರು ಉಳಿಯೂದಿಲ್ಲ.

ಕಂಡಕ್ಟರ್ ಎದ್ದು ನಿಂತ. ಮೈಕಿನಾಗ ಅಂದ, "ಇವರು ನನ್ನ ಮಾವ ಆಗಬೇಕಾದವರು. ಅವರ ಕಷ್ಟ ನನ್ನ ಕಷ್ಟ." ಅಂದು, ತನ್ನ ಪಾಲಿಂದೂ ಅವರ ಪಾಲಿಂದೂ ಎತ್ತಿದ. ಮುಂದ ಬಂದದ್ದೂ ಹಂಗ. ಇಬ್ಬರದೂ ಒಬ್ಬನ.

ಅವನದೊಂದು ಗುಣ. ಕುಡದಷ್ಟೂ ಗಂಭೀರ ಆಗತಾನ. ಬೆನ್ನು ನೆಟ್ಟಗ, ಮಾರಿ ಜಡ್ಜನ ಮಾರಿ. ಏನು ಹೇಳಿದರೂ ಮಾಡತಾನ. ಈ ಕಡೆ ಕಂಪೌಂಡರು ಒಂದು ಹನಿ ಕುಡೀದ ಕುಡುಕನ ಪಾತ್ರಕ್ಕ ಇಳದರು. ನಾಲಿಗಿ ತೊದಲತೈತಿ, ತಲಿ ವಾಲತೈತಿ, ಕುರ್ಚಿಯಿಂದ ಜಾರತಾರ.

ಮಿಲ್ಲಿನ ಮಾಲಕರು ನೋಡಿ ನೋಡಿ ಗಾಬರಿ ಆಗಿ ಕಂಡಕ್ಟರ್ ಕಿವಿಯಾಗ ಅಂದರು, "ಸಾರ್, ಈ ಪೆದ್ದಾಯನ, ಈ ಹಿರಿಯರ ಪರಿಸ್ಥಿತಿ ಸರಿ ಇಲ್ಲ. ನೀವೊಬ್ಬರು ಸರಿಯಾಗಿದೀರಿ. ಮುಗಿದ ಮೇಲೆ ಇವರನ್ನ ಹಿಡಿದು ಮನಿ ಮುಟ್ಟಿಸಿ."

ಕಂಡಕ್ಟರ್ ಭಾಳ ಗಂಭೀರ ಆಗಿ "ಆಗಲಿ" ಅಂದು, ಕಂಬಕ್ಕ ಕೈ ಮುಗದ.

೫. ಕರಿ ಶಾಯಿ

ನಾನು ಬಾಜೂಕ ಕೂತಿದ್ದೆ. ಆಂಪ್ಲಿಫೈಯರ್ ಮುಂದ. ತೊಡಿ ಮ್ಯಾಲ ಆಕಿ ನೋಟ್‌ಬುಕ್ಕು ತೆರದಿಟ್ಟಿದ್ದೆ. ಓದಾಕ ಅಲ್ಲ. ಅವರು ಹಾಳಿ ತಿರುವಿದಾಗ ನಾನೂ ತಿರುವತಿದ್ದೆ. ಎಲ್ಲಿ ಕೆಂಪು ಬರತೈತಿ ನೋಡಾಕ. ಕಡೀ ಹಾಳಿ ಎಷ್ಟು ದೂರ ಐತಿ ನೋಡಾಕ.

ಮೊದಲೆರಡು ಹಾಳಿ ಛಲೋ ಹೋತು. ಮೂರನೇದಕ್ಕ ಕಂಡಕ್ಟರ್ ಓದಿದ, "ಮಾವನವರ, ನಿಮ್ಮ ಮಗಳನ್ನ ಕಣ್ಣಾಗ ಇಟಗೊಂಡು ನೋಡಕೋತೀನಿ. ಇಲ್ಲಿ ಮಂದಿ ನಗತೈತಿ, ತಡೀಬೇಕು."

ಅಂದು ತಡದ.

ಮಂದಿ ನಕ್ಕಿತು. ಎಂದೂ ನಗದಷ್ಟು ನಕ್ಕಿತು. ನಾಕೈದು ಮಂದಿ ಎದ್ದು ಕೊಡದ ಕಡೆ ಹೊಂಟರು. 

ಹಿಂದಿಂದ ಆಪಾ. "ಏ ಬೀಗಾ, ನಿನ್ನ ಮಗಳಿಗೆ ಅಡಗಿ ಬರತೈತೇನೋ? ನಾಳೆ ಅಕ್ಕಿ ತೀರತಾವ, ಜ್ವಾಳ ಬೀಸಿಸಬೇಕು."

ಕಂಪೌಂಡರು ಹಾಳಿ ನೋಡಿದರು. ಅವರಿಗೆ ತಿಳೀತು ಅಂತ ನನಗನಸತೈತಿ. ಆದರೂ ತೊದಲಿದರು, "ಬೀಸಸೂಣ್ರಿ ಬೀಗರ, ಮೊದಲು ಮದುವಿ ಆಗಲಿ."

ಇಡೀ ಕಟ್ಟಿನ ನಕ್ಕಿತು.

ಕಂಡಕ್ಟರ್ ಪಾಳಿ. ನೆಟ್ಟಗ ಕೂತು ಓದಿದ. "ಮಾವನವರ, ನಾನು ಮರ್ಯಾದಸ್ತ ಮನಿತನದಾಂವ. ಕಂಡಕ್ಟರ್ ಬಾಯಿ ಭಾಳ ವಾಸನಿ ಬರತೈತಿ. ಇನ್ನ ಮ್ಯಾಲ ಎರಡು ಮಳ ದೂರ ಕುಂತು ಓದಬೇಕು."

ಓದಿ, ಒಂದು ಸಲ ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿದ. "ಖರೆ ಐತ್ರಿ" ಅಂದ.

ಆಪಾ ಮುಂದಿಂದು ಓದಿದಳು. "ನಮ್ಮ ಮಗನಿಗೆ ಸೈಕಲ್ ಬೇಕು, ಉಂಗುರ ಬೇಕು. ಆಪಾ ಇಲ್ಲಿ ಮಾತು ಮರೀತಾಳ. ಬೈಬಾರದು. ನಿಂತು ನಿಂತು ಆಕಿ ಕಾಲು ಬಾತಿರತಾವ, ಹೇಳಂಗಿಲ್ಲ."  ಚಷ್ಮಾ ತಗದು ಸೆರಗಿಲೆ ಒರಸಿದಳು. "ನೋಡಿದ್ದಳು ಹಂಗಾರ" ಅಂದಳು. ಮತ್ತ ಏರಿಸಿ, "ಉಂಗುರ ಎಲ್ಲೈತೋ ಬೀಗಾ?" ಅಂತ ಗದರಿಸಿದಳು.

ಗ್ಲಾಸು ತುಂಬೋ ಹೊತ್ತಿನಾಗ ನಾನು ಕಂಪೌಂಡರ ಹತ್ರ ಹೋಗಿ ಕೈ ಹಿಡಕೊಂಡೆ. "ನೀವರ ಹೇಳ್ರಿ. ಬರೇ ಮಾತು ಓದ್ರಿ. ಕಡೀ ಹಾಳಿ ಮ್ಯಾಲ ನನ್ನ ಸುದ್ದಿ ಐತಿ. ಇಷ್ಟು ಮಂದಿ ಮುಂದ ಬ್ಯಾಡ್ರಿ."

ಅವರು ತೊದಲೂದು ಬಿಟ್ಟು ಸಣ್ಣಗ ಅಂದರು, "ಕೊಡ ನೋಡು. ತುಂಬೈತಿ. ಎರಡನೇದು ತರಾಕ ಹೋಗ್ಯಾರ. ಈ ಮಾತಿಗೆ ತುಂಬಾಕತ್ತೈತಿ, ಮಾಸ್ತರ ಮಾತಿಗೆ ಅಲ್ಲ."

"ನನ್ನ ಮಾನ ಹೋಗತೈತ್ರಿ."

"ಏನು ಬರದಾಳಂತ ನೀ ಓದೀಯೇನು?"

"ಇಲ್ಲ."

"ಮತ್ತ? ಗಂಡನ ಸುದ್ದಿ ಯಾವ ಹೆಂಡತಿ ಛಲೋ ಬರದಾಳ? ಕೂಡು ಹೋಗು."

ಹಿಂದಿಂದ ಮಾಲಕರು ಕೂಗಿದರು, "ಒಂದಕ್ಷರ ಬಿಡಬೇಡಿ! ಬರೆದದ್ದೆಲ್ಲ ಓದಿ! ಆಯಮ್ಮ ಯಾರೋ, ಮಾಸ್ತರಿಗಿಂತ ಚೆನ್ನಾಗಿ ಬರೆದಿದ್ದಾಳೆ!"

೬. ವಾಲ್ಯೂಮ್

ಹೋಗಿ ಕೂತೆ. ವಾಲ್ಯೂಮಿನ ಗುಂಡಿ ಮ್ಯಾಲ ಕೈಯಿಟ್ಟೆ. ನನ್ನ ಕೈಯಾಗ ಇದ್ದದ್ದು ಅದೊಂದ. ಕೆಂಪು ಬಂದಕೂಡಲೆ ಇಳಸೂದು. ನೀಲಿ ಬಂದಾಗ ಏರಸೂದು. ಆಕಿ ಅಕ್ಷರದ ಮ್ಯಾಲ ಬೆರಳಿಟ್ಟು ಹಿಂಬಾಲಿಸಿದೆ. ಇಷ್ಟು ಲಕ್ಷ್ಯ ಕೊಟ್ಟು ನಾ ಸಾಲ್ಯಾಗ ಕೂತಿದ್ದಿಲ್ಲ.

ಮುಂದಿನ ಹಾಳಿ ನಡುವ ಒಂದು ಕೆಂಪು ಗೆರಿ. ಮೊದಲನೇ ಅಕ್ಷರ "ಕಿ" ಅಂತ ಕೂಡಿಸಿದೆ. ಎರಡನೇದು "ನ್ನಾ".

ಕಂಡಕ್ಟರ್ ಓದಿದ. "ಕಿನ್ನಾಳದಾಗ—"

ಗುಂಡಿ ಪೂರ್ತಿ ಇಳಿಸಿಬಿಟ್ಟೆ.

ಅವನ ಬಾಯಿ ಆಡತೈತಿ, ಹಾರ್ನಿನಾಗ ಸಪ್ಪಳಿಲ್ಲ. ಮಂದಿ "ಮೈಕ್! ಮೈಕ್!" ಅಂತ ಒದರಿತು. ನಾನು ವೈರು ಹಿಡಿದು ಜಗ್ಗಿದಂಗ ಮಾಡಿದೆ. ಬ್ಯಾಟರಿ ಬಡಿದಂಗ ಮಾಡಿದೆ. ತಲಿ ಅಲ್ಲಾಡಿಸಿದೆ. ಅವತ್ತು ನಾಟಕ ಆಡಿದವ ನಾನೊಬ್ಬನ.

ಕಂಡಕ್ಟರ್ ಹಾರ್ನಿನ ಕಡೆ ನೋಡಿದ. ನನ್ನ ಕಡೆ ನೋಡಿದ. "ನೀ ತ್ರಾಸ ತಗೋಬ್ಯಾಡ" ಅಂದ. ಎದ್ದು ನಿಂತ. ಒಂದು ಕೈ ಬಾಯಿ ಬಾಜೂಕ ಹಚ್ಚಿದ. ಕುಷ್ಟಗಿ ಬಸ್ ಸ್ಟ್ಯಾಂಡಿನಾಗ ಮೂವತ್ತು ವರ್ಷ ಮಂದಿ ಕರದ ಗಂಟಲು ಅದು.

"ಕಿನ್ನಾಳ, ಕಿನ್ನಾಳ, ಕಿನ್ನಾಳ! ಇವರು ನನ್ನ ಬಿಟ್ಟು ಹೋಗ್ಯಾರ! ಹಾರ್ನ್ ನಾಕೂ ಒಯ್ದಾರ! ಹಾರ್ನ್ ನಾಕೂ ಒಯ್ದಾರ! ಹಾರ್ನ್ ನಾಕೂ ಒಯ್ದಾರ್ರೀ!"

ಕಾಲುವಿ ಆಚೆ ಭತ್ತ ಕೊಯ್ಯೋರು ಎದ್ದು ನಿಂತು ನೋಡಿದರು.

೭. ಕಡೀ ಹಾಳಿ

ಕಡೀ ಹಾಳಿ ಬಂತು. ನಾ ತಿರುವಿದೆ. ಮ್ಯಾಲ ಮೂರು ಗೆರಿ ನೀಲಿ. ಉಳಿದದ್ದೆಲ್ಲಾ ಕೆಂಪು.

ಗುಂಡಿ ಮತ್ತ ಏರಿಸಿ ಕೈ ತಗದೆ. ಇಳಿಸಿ ಉಪಯೋಗಿಲ್ಲ. ಅಂವ ಬಾಯಿಲೆ ಕೂಗತಾನ. ಎದ್ದು ಹೋಗೂಣು ಅನಿಸಿತು.  ಮೈಕಿನವ ಮೈಕ್ ಬಿಟ್ಟು ಎಲ್ಲಿ ಹೋಗತಾನ?

ನೀಲಿ ಮುಗೀತು. ಕಂಡಕ್ಟರ್ ಓದಿದ.

"ಇಲ್ಲಿ ಇವರು ನಗತಾರ. ಮಂದಿಗಿಂತ ಮೊದಲ."

ನಿಂತ. ಚಷ್ಮಾ ಸರಿಮಾಡಕೊಂಡ. ಓದಿದ.

"ಮನ್ಯಾಗ ನಗೂದಿಲ್ಲ. ಇಲ್ಲಿ, ಆಂಪ್ಲಿಫೈಯರ್ ಹಿಂದ ಕುಂತು, ತಪ್ಪದ ನಗತಾರ. ಎಲ್ಲಿ ತಡೀಬೇಕು ಅಂತ ನನಗ ಮಂದಿ ನೋಡಿ ತಿಳಿಯೂದಿಲ್ಲ, ಇವರನ್ನ ನೋಡಿ ತಿಳೀತೈತಿ. ಇವರ ನಗಿ ನೋಡಾಕ ನಾ ಓದಾಕ ಬರತೀನಿ. ಇವರು ನಗೂ ತನಕ ಮುಂ‌ದಿನ ಮಾತು ಕೊಡಬಾರದು."

ಕಟ್ಟಿ ಮ್ಯಾಲ ಒಬ್ಬರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ಕಂಡಕ್ಟರ್ ಹಾಳಿ ತೊಡಿ ಮ್ಯಾಲಿಟ್ಟ. ಎರಡೂ ಕೈ ಹಾಳಿ ಮ್ಯಾಲಿಟ್ಟ. ನನ್ನ ನೋಡಕೋತ ಕೂತ.

ಕಂಪೌಂಡರು, "ಮುಂದ ಓದೋ" ಅಂದರು.

"ಹೆಂಗ ಓದಲಿ? ಅಂವ ನಕ್ಕಿಲ್ಲ."

"ಬಿಡೋ ಅದನ್ನ."

"ಬಿಡಾಕ ಬರಂಗಿಲ್ರಿ. ಬರದೈತಿ."

ನಾನು ಬಾಯಿ ತಗದೆ. ನಗಬೇಕು ಅಂತ ನೋಡಿದೆ. ನೀರಿಲ್ಲದ ಬೋರಿಂಗ್ ಹೊಡದಂಗ ಸಪ್ಪಳ ಬಂತು. ಎರಡು ವರ್ಷದ ಮ್ಯಾಲಾಗಿತ್ತು ನಾ ನಕ್ಕು.

ಮಾಲಕರು ಕಂಡಕ್ಟರ್‌ಗೆ ಕೇಳಿದರು, "ಇದು ನಡೆಯುತ್ತಾ?"

"ಇದು ಕೆಮ್ಮು" ಅಂದ ಕಂಡಕ್ಟರ್.

ಆಪಾ ಅಂದಳು, "ನಗೋ ತಮ್ಮಾ. ಎಷ್ಟೊತ್ತು ಕೂಡಲಿ? ಚಪ್ಪಿ ಸಿಡೀತೈತಿ."

ಯಾರೋ ಕೊಡಕ್ಕ ಹಾಕಿ ನನಗೊಂದು ಗ್ಲಾಸು ಕಳಸಿದರು. ಕುಡದೆ. ನಗಿ ಬರಲಿಲ್ಲ. ಕಣ್ಣಾಗ ನೀರು ಬಂತು. ಸುರು ಆತು, ನಿಲ್ಲವಲ್ದು. ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಕೇಳಿದಳು, "ಅತ್ತರ ನಡೀತೈತೇನ್ರಿ?"

ಕಂಡಕ್ಟರ್ ಹಾಳಿ ಎತ್ತಿ ಮ್ಯಾಲಿಂದ ಕೆಳಗ ನೋಡಿದ. "ಅಳೂದು ಬರದಿಲ್ಲ" ಅಂದ. ಮತ್ತ ನೋಡಿದ. "ತಡೀರಿ, ಕೆಳಗ ಇನ್ನೊಂದು ಗೆರಿ ಐತಿ. ನಗದಿದ್ದರ ಇವರಿಗೆ ಹಸಿವಿ ಆಗಿರತೈತಿ. ನನ್ನ ಚೀಲದಾಗಿನ ಬಾಳಿಹಣ್ಣು ಒಂದು ಕೊಡಬೇಕು."

ಆಕಿ ಚೀಲ ಎಲ್ಲಿಂದ ಬರಬೇಕು?  ಆಮ್ಯಾಲ ಮೂರನೇ ಸಾಲಿನಾಗ ಒಬ್ಬ ಮುದುಕಿ ತನ್ನ ಕೈಚೀಲ ಹುಡುಕಾಡಿ ಒಂದು ಬಾಳಿಹಣ್ಣು ತಗದಳು. ಅದು ಕೈಯಿಂದ ಕೈಗೆ ದಾಟಿ ನನ್ನ ತನಕ ಬಂತು. ಸುಲಿದೆ. ತಿಂದೆ. ಅಷ್ಟೂ ಮಂದಿ ಬಾಯಿ ನೋಡಕೋತ ಕೂತಿತು. ನುಂಗಿದಾಗ ಕಂಪೌಂಡರು ಮೈಕಿನಾಗ "ತಿಂದರು" ಅಂತ ಹೇಳಿದರು.

ಕಾದರು. ನಗಿ ಬರಲಿಲ್ಲ.

"ಇನ್ನೇನು ಬರದಾಳೋ?" ಅಂದರು ಕಂಪೌಂಡರು. ಅವರ ದನ್ಯಾಗೂ ನೀರಿತ್ತು.

"ಪರದಿ ಬಿಡಬೇಕು ಅಂತ ಬರದಾಳ."

"ಇಲ್ಲೆಲ್ಲೈತಿ ಪರದಿ?"

ಕಂಡಕ್ಟರ್ ವಿಚಾರ ಮಾಡಿದ. ಇಬ್ಬರ ಪಾಲಿಂದು ಕುಡದ ತಲಿ. ಹಾಳಿ ಕೆಳಗಿಟ್ಟ. ಎದ್ದ. ಉಟ್ಟ ಧೋತರ ಬಿಚ್ಚಿದ. ಎರಡೂ ಕೈಲೆ ಅಗಲಕ್ಕ ಹಿಡಿದು, ಕುತ್ತಿಗಿ ಮಟ ಎತ್ತಿ, ಮಂದಿ ಮುಂದ ಅಡ್ಡ ನಿಂತ. ಭಾಳ ಅಚ್ಚುಕಟ್ಟು. ಮುಂದಿನಿಂದ ನೋಡಿದರ ಬಿಳೀ ಪರದಿ, ಮ್ಯಾಲ ಜಡ್ಜನ ಮಾರಿ.

ನಾನು ಕೂತದ್ದು ಬಾಜೂಕ. ಮಂದಿಗೆ ಕಾಣದ್ದು ನನಗ ಕಾಣತಿತ್ತು. ಮೊಣಕಾಲು ಮಟ ಹಸರು ಕೆಂಪು ಪಟ್ಟಾಪಟ್ಟಿ ಚಡ್ಡಿ. ಅದರ ಲಾಡಿ ಮುಂದ ನೇತಾಡತಿತ್ತು. ಅದರ ತುದಿಗೆ ಅವನ ಮನಿ ಕೀಲಿಕೈ ಗೊಂಚಲು. ಕೆಳಗ ಕಡ್ಡಿಯಂಥಾ ಎರಡು ಕಾಲು ಸೆಟದು ನಿಂತಿದ್ದವು.

ನಕ್ಕೆ.

ಮಂದಿಗಿಂತ ಮೊದಲ. ಮಂದಿಗೆ ಯಾತಕ್ಕಂತ ತಿಳೀಲಿಲ್ಲ. ಮುಂದಿದ್ದ ಮೈಕಿನಾಗ ಸಿಕ್ಕು ನಾಕೂ ಹಾರ್ನಿನಾಗ ನನ್ನ ನಗಿ ಹೊಂಟಿತು. ನಿಲ್ಲಸಾಕ ಆಗಲಿಲ್ಲ. ಹೊಟ್ಟಿ ಹಿಡಕೊಂಡು ಆಂಪ್ಲಿಫೈಯರ್ ಮ್ಯಾಲ ಬಿದ್ದೆ.

"ನಕ್ಕ!" ಅಂತ ಕಂಪೌಂಡರು ಒದರಿದರು. "ನಕ್ಕ! ಮುಂದಿನ ಮಾತು ಯಾರದು? ಲಗೂನ!"

ಕಂಡಕ್ಟರ್‌ನ ಎರಡೂ ಕೈಯಾಗ ಪರದಿ ಇತ್ತು. ಆಪಾ ತನ್ನ ಹಾಳಿ ಕಣ್ಣಿಗೆ ಹಿಡಿದು ಓದಿದಳು.

"ಮದುಮಗಂದು. ಮಾತಿಲ್ಲ. ಮದುಮಗ ಎರಡೂ ಕೈ ಎತ್ತಿ, ಬಂದ ಮಂದಿಗೆಲ್ಲಾ ನಮಸ್ಕಾರ ಮಾಡತಾನ."

ಅಂವ ಹೇಳಿದ್ದು ಮಾಡೋ ಮನುಷ್ಯ. ಎರಡೂ ಕೈ ಎತ್ತಿ ಮಾಡಿದ.